ದಂಡಿನ ಕಲ್ಲು ಮತ್ತು ಅಪ್ಪನ ಮೀಸೆ

ನಾನು ಓದು ಬಿಟ್ಟಿದ್ದು ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ, ನಾಲ್ಕನೇ ಕ್ಲಾಸಿನ ನಡುವೆ. ಓದಲಿಕ್ಕೆ ಬಾರದೆ ಬಿಟ್ಟೆನೆಂದು ಯಾರೂ ತಿಳಿಯಬಾರದು. ಓದಲಿಕ್ಕೆ ಬಂದದ್ದರಿಂದಲೇ ಬಿಟ್ಟೆ. ಅದು ಹೇಗೆಂದು ಹೇಳುತ್ತೇನೆ.

ಆ ದಿನಗಳಲ್ಲಿ ನಮ್ಮ ಸೀಮೆ ಬಳ್ಳಾರಿ ಜಿಲ್ಲೆಯೊಳಗೆ ಇತ್ತು, ಮೇಲೆ ಮದರಾಸಿನ ಸರ್ಕಾರ. ಆದೋನಿಯಿಂದ ಎಮ್ಮಿಗನೂರಿಗೆ ಹೋಗುವ ರಸ್ತೆ ಇನ್ನೂ ಡಾಂಬರು ಕಂಡಿರಲಿಲ್ಲ. ಸಂಕ್ರಾಂತಿ ಕಳೆದು ಹತ್ತಿ ಬಿಡಿಸುವ ಕಾಲ ಬಂತೆಂದರೆ ಮಿಲ್ಲಿಗೆ ಹೋಗುವ ಬಂಡಿಗಳ ಸಾಲು ಬೆಳಗಿನಿಂದ ಸಂಜೆಯವರೆಗೆ ಕಿರುಗುಟ್ಟುತ್ತಿತ್ತು. ಬೇಲಿಯ ಜಾಲಿಮುಳ್ಳಿಗೆಲ್ಲ ಹತ್ತಿ ಅಂಟಿಕೊಂಡು, ಗಿಡಗಳೇ ಮುದುಕರಾದಂತೆ ಕಾಣುತ್ತಿದ್ದವು. ಆ ರಸ್ತೆಯ ಮಗ್ಗುಲಲ್ಲೇ ನಮ್ಮೂರು. ನಾವು ಕುರಿಯವರು. ಮನೆಯೊಳಗೆ ಕಾಲಿಟ್ಟರೆ ಉಣ್ಣೆಯ ವಾಸನೆ, ಕಂಬಳಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ. ಶಾಲೆಯಲ್ಲಿ ನನ್ನ ಪಕ್ಕ ಕೂತ ಹುಡುಗ ಮೂಗು ಮುಚ್ಚಿಕೊಂಡರೆ ನಾನು ಇನ್ನಷ್ಟು ಹತ್ತಿರ ಸರಿದು ಕೂರುತ್ತಿದ್ದೆ.

ಊರ ಮುಂದೆ, ಬೇವಿನ ಮರದ ಕೆಳಗೆ, ಎದೆಯುದ್ದದ ಒಂದು ಕಲ್ಲು ನಿಂತಿತ್ತು. ಜರ್ಮನಿಯ ಕೂಡ ನಡೆದ ದೊಡ್ಡ ಯುದ್ಧ ಮುಗಿದ ಮೇಲೆ ಸರ್ಕಾರದವರು ಕೆಲವು ಊರುಗಳಲ್ಲಿ ಇಂಥ ಕಲ್ಲು ನಿಲ್ಲಿಸಿದರು. ನಿಮ್ಮೂರಲ್ಲೂ ಇದ್ದೀತು, ನೋಡಿ. ಅದರ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು. ನಮ್ಮೂರಿಂದ ಆ ಯುದ್ಧಕ್ಕೆ ಹೋದವರು ಮೂವರು. ಒಬ್ಬ ನಮ್ಮಪ್ಪ ಉರುಕುಂದಪ್ಪ. ಇನ್ನೊಬ್ಬ ಅಪ್ಪನ ಜೀವದ ಗೆಳೆಯ, ಹತ್ತಿ ಹಿಂಜುವ ಖಾಸಿಂ ಸಾಬ. ಮೂರನೆಯವನು ತಿರುಗಿ ಬಂದವನೇ ಬಳ್ಳಾರಿಯಲ್ಲಿ ಪೊಲೀಸ್ ಸೇರಿಕೊಂಡು ಊರ ಕಡೆ ಮುಖ ಹಾಕಲಿಲ್ಲ.

ಊರವರು ಅದನ್ನು ದಂಡಿನ ಕಲ್ಲು ಎನ್ನುತ್ತಿದ್ದರು. ಕಲ್ಲು ನಿಂತ ಮೇಲೆ ಅದಕ್ಕೆ ಅರಿಶಿನ ಕುಂಕುಮ ಬೀಳದೆ ಇರುತ್ತದೆಯೇ? ಕುರಿ ಈದರೆ ಗಿಣ್ಣದ ಹಾಲು ಮೊದಲು ಕಲ್ಲಿಗೆ. ಅಮಾವಾಸ್ಯೆಗೆ ಎಡೆ. ಪೂಜಾರಿ ನಮ್ಮಪ್ಪನೇ. ಎಡೆಯನ್ನು ಉಣ್ಣುವವನೂ ಅವನೇ. "ಇದು ದಂಡಿಗೆ ಹೋಗಿಬಂದೋರ ಪಾಲು" ಎಂದು ಹೋಳಿಗೆ ಮಡಚುತ್ತಿದ್ದ. ಅದರ ಪಕ್ಕದಲ್ಲಿ, ಒಬ್ಬ ಮನುಷ್ಯ ಅಡ್ಡಡ್ಡ ನುಸುಳುವಷ್ಟು ಸಂದು ಬಿಟ್ಟು, ಆದೋನಿಗೆ ಎಷ್ಟು ಮೈಲಿ ಎಂದು ತೋರಿಸುವ ಕಲ್ಲೂ ಇತ್ತು. ಹೊಸದಾಗಿ ಬಂದ ಯಾವಳೋ ಸೊಸೆ ಅದಕ್ಕೂ ಕುಂಕುಮ ಹಚ್ಚಿದಳು. ಅಂದಿನಿಂದ ಅವೆರಡೂ ಗಂಡ ಹೆಂಡಿರಾದವು. ನಾವು ಹುಡುಗರು ಚಿಣಿಫಣಿ, ಅಂದರೆ ಗಿಲ್ಲಿದಾಂಡು, ಆಡುವಾಗ ಗಂಡನ ಹತ್ತಿರದಿಂದ ಹೊಡೆದರೆ ಹೆಂಡತಿಗೆ ತಾಗಬಾರದು ಎಂಬುದು ಕಾನೂನು.

ಕಲ್ಲಿನ ಬರಹ ಊರಲ್ಲಿ ಯಾರಿಗೂ ಓದಲಿಕ್ಕೆ ಬರುತ್ತಿರಲಿಲ್ಲ. ನಮ್ಮ ಮೇಷ್ಟ್ರಿಗೆ ಬರುತ್ತಿತ್ತೋ ಏನೋ, ಅವರು ಎಮ್ಮಿಗನೂರಿನ ಕಡೆಯಿಂದ ಸೈಕಲ್ಲಿನಲ್ಲಿ ಬಂದು ಅದೇ ಕಡೆಗೆ ಹೋಗುವವರು, ಕಲ್ಲಿನ ಕಡೆ ನೋಡಿದವರಲ್ಲ. ಇಸವಿ ಬಿಟ್ಟರೆ ಅದರಲ್ಲಿ ಎರಡೇ ಅಂಕಿ. ಮೇಲಿನ ಸಾಲಿನಲ್ಲಿ ಮೂರು, ಕೆಳಗಿನ ಸಾಲಿನಲ್ಲಿ ಒಂದು. ಅಪ್ಪ ಅದಕ್ಕೆ ಅರ್ಥ ಹೇಳುತ್ತಿದ್ದ: "ಮೂರು ಮಂದಿ ಹೋದ್ರು. ಅದರಾಗ ನಂಬರ್ ಒಂದು ಯಾರು? ನಾನು."

ಖಾಸಿಂ ಸಾಬ ಬೀಡಿ ಸೇದುತ್ತ ಹೇಳುತ್ತಿದ್ದ: "ಹೌದು ಭಾಯಿ, ನೀನೇ ನಂಬರ್ ಒಂದು. ಹೇಸರಗತ್ತಿ ಲದ್ದಿ ಬಳಿಯೋದ್ರಾಗ."

ಅಪ್ಪನ ಹೆಮ್ಮೆ ಎರಡು. ಒಂದು ಈ ಕಲ್ಲು. ಇನ್ನೊಂದು ಮೀಸೆ. ದಂಡಿನ ಹೇಸರಗತ್ತೆ ನೋಡಿಕೊಳ್ಳುತ್ತ ಬಸರಾದಲ್ಲಿದ್ದಾಗ ಬಿಟ್ಟ ಮೀಸೆ ಅದು. ಔಡಲೆಣ್ಣೆಗೆ ಜೇನುಮೇಣ ಕಲಸಿ ತಿರುವಿದರೆ ಟಗರಿನ ಕೊಂಬಿನಂತೆ ಎರಡು ಸುತ್ತು ಸುತ್ತುತ್ತಿತ್ತು. ಅವ್ವ ಗೊಣಗುತ್ತಿದ್ದಳು: "ನನ್ನ ತಲಿಗಿ ಇಲ್ಲದ ಎಣ್ಣಿ ಇವನ ಮೀಸಿಗಿ."

ಆ ವರ್ಷ ನನ್ನ ಅಕ್ಕ ನಾಗಮ್ಮನಿಗೆ ಗೋನೆಗಂಡ್ಲದ ಸಂಬಂಧ ಬಂತು. ಕುರಿ ಕಾಯುವುದು ಅಕ್ಕನ ಕೆಲಸ, ಶಾಲೆಗೆ ಹೋಗುವುದು ನನ್ನ ಕೆಲಸ. ಎಮ್ಮಿಗನೂರಿನ ಸಂತೆಗೆ ಟಗರು ಮಾರಲು ಹೋದಾಗ ಅವಳು ವರನನ್ನು ನೋಡಿದ್ದಳು. ಬಂಡಿಯಿಂದ ಹಾರಿ ಓಡಿದ ದೊಡ್ಡ ಟಗರನ್ನು ಹಿಡಿದು, ಹೆಗಲ ಮೇಲೆ ಹೊತ್ತು ತಂದವನು ಅವನು. ಅಂದಿನಿಂದ ಮನೆಯಲ್ಲಿ ಟಗರಿನ ಮಾತು ಬಂದರೆ ಸಾಕು, ಅಕ್ಕ ಒಲೆಯ ಕಡೆ ತಿರುಗುತ್ತಿದ್ದಳು. ನಾನು "ಬ್ಯಾ" ಎಂದರೆ ಸೌಟು ಬೀಸುತ್ತಿದ್ದಳು. ಬೇರೆ ಎರಡು ಕಡೆಯಿಂದ ಬಂದ ಸಂಬಂಧಕ್ಕೆ ಅವಳು ತಲೆನೋವೆಂದು ಮಲಗಿದ್ದಳು. ಈ ಬೀಗರು ಬರುವ ದಿನ ಕೋಳಿ ಕೂಗುವ ಮುಂಚೆ ಎದ್ದು ಅಂಗಳ ಸಾರಿಸಿದಳು.

ಎರಡು ಬಂಡಿಯಲ್ಲಿ ಅವರು ಬಂದರು. ವರನ ಅಪ್ಪ ಸೋಮಣ್ಣ, ಮೆತ್ತನೆಯ ಮನುಷ್ಯ, ಆದರೆ ಪದ್ಧತಿ ಎಂದರೆ ಪ್ರಾಣ. ವರನ ಸೋದರಮಾವ ಭೀಮಪ್ಪ, ಆದೋನಿಯ ಮಿಲ್ಲಿನಲ್ಲಿ ಹತ್ತಿ ಒತ್ತಿ ಕಟ್ಟಿದ ಬೇಲು ಎಣಿಸುವ ಗುಮಾಸ್ತ. ಆ ಬಿಸಿಲಿನಲ್ಲೂ ಕೋಟು ಹಾಕಿದ್ದ. ಹೋಳಿಗೆ, ಪುಂಡಿಪಲ್ಯ, ಗುರೆಳ್ಳು ಪುಡಿ ಎಲ್ಲ ಉಂಡು ತೇಗಿದರು. ತಾಂಬೂಲ ಬದಲಾಯಿಸುವುದೊಂದೇ ಬಾಕಿ. ಅಪ್ಪನಿಗೆ ಸುಮ್ಮನಿರಲಾಗಲಿಲ್ಲ.

"ಬರ್ರಿ ಬೀಗರ, ನಮ್ಮ ಕಲ್ಲು ನೋಡೀರಂತ. ನನ್ನ ಮಗ ಇಂಗ್ಲಿಷ್ ಕಲಿಯಾಕ ಹತ್ಯಾನ, ಓದಿ ತೋರಸ್ತಾನ."

ನನಗೆ ಬರುತ್ತಿದ್ದದ್ದು ಇಪ್ಪತ್ತಾರು ಅಕ್ಷರ, ಅಂಕಿ, ಮತ್ತು ಬೆಕ್ಕು ಇಲಿಗಳ ಹೆಸರು. ಆದರೂ ಎದೆ ಉಬ್ಬಿಸಿ, ಕುರಿ ಎಣಿಸುವ ದನಿಯಲ್ಲಿ ಒಂದೊಂದೇ ಅಕ್ಷರ ಕೂಗಿದೆ. ಅರ್ಥ ಯಾರಿಗೆ ಬೇಕಿತ್ತು? ಅಪ್ಪ ಪ್ರತಿ ಅಕ್ಷರಕ್ಕೂ ಮೀಸೆ ತಿರುವಿದ. ಭೀಮಪ್ಪ ಮಾತ್ರ ತಲೆ ಒಂದು ಕಡೆ ವಾಲಿಸಿ ಕೇಳುತ್ತಿದ್ದವನು ಕನ್ನಡಕ ಹಾಕಿಕೊಂಡ. ಧೋತರದ ಚುಂಗಿನಿಂದ ಕುಂಕುಮ ಒರೆಸಿ, ಕಲ್ಲಿಗೆ ಮೂಗು ತಾಗಿಸಿ ಓದಿದ.

"ಏಮಯ್ಯಾ ಉರುಕುಂದಪ್ಪ, ಇದರಾಗ ಏನೈತಿ ಗೊತ್ತೇನು?"

"ಗೊತ್ತಿಲ್ಲದೇನು? ಮೂರು ಮಂದಿ ಹೋದ್ರು, ನಾ ನಂಬರ್ ಒಂದು."

"ಮೂರು ಮಂದಿ ಯುದ್ಧಕ್ಕ ಹೋದ್ರು ಅಂತ ಐತಿ, ಖರೆ. ಕೆಳಗ ಏನೈತಿ ಅಂದ್ರ, ಅದರಾಗ ಒಬ್ಬ ಪ್ರಾಣ ಕೊಟ್ಟಾನ."

ಅಪ್ಪ ತಾನೂ ಬಗ್ಗಿ ಕೆಳಗಿನ ಸಾಲಿನ ಒಂದರ ಮೇಲೆ ಬೆರಳಿಟ್ಟ.

"ಯಾರು?" ಎಂದ ಅಪ್ಪ.

"ಹೆಸರಿಲ್ಲ."

ನಮ್ಮ ಜೊತೆ ಬಂದಿದ್ದ ಖಾಸಿಂ ಸಾಬ ಮೆಲ್ಲಗೆ ಮರದ ಹಿಂದೆ ಸರಿಯುತ್ತಿದ್ದ. "ನಿಂದ್ರಲೇ ಖಾಸಿಂ!" ಎಂದು ಅಪ್ಪ ಗುಡುಗಿದ.

ಖಾಸಿಂ ಸಾಬ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅರೆ ಭಾಯಿ, ನಾವು ಇಬ್ರು ಬಂದ್ವಿ. ನೀನು ಜ್ವರ ಬಂದು ಬಸರಾದಾಗ ದವಾಖಾನಿ ಸೇರಿದ್ದಿ. ನೀ ಬಂದಿದ್ದು ವರ್ಷ ಬಿಟ್ಟು. ಅದರ ನಡುವ ಸರ್ಕಾರದೋನು ಬಂದ. ಮೂರನೇದೋನು ಎಲ್ಲಿ ಅಂದ. ಬಂದಿಲ್ಲ ಸಾಬ್ ಅಂದೆ. ನಾ ಬಂದಿಲ್ಲ ಅಂದೆ ಖರೆ. ಸತ್ತಾನ ಅನ್ನಲಿಲ್ಲ. ಖುದಾ ಕಸಮ್."

"ಕಲ್ಲು ಬಂದಾಗ ನಾ ಊರಾಗ ಇದ್ನೆಲ್ಲೋ!"

"ಇದ್ದಿ. ಗುಂಡಿ ತೋಡಿದೋನೇ ನೀನು."

ಅದೂ ನಿಜ. ಬಂಡಿಯಿಂದ ಕಲ್ಲು ಇಳಿಸಿ, ಗುಂಡಿ ತೋಡಿ, ಜಲ್ಲಿ ಬಡಿದು ನಿಲ್ಲಿಸಿದ್ದು ಅಪ್ಪ. ಅಷ್ಟು ಗಟ್ಟಿಯಾದ ಆಳು ಬೇರೆ ಇರಲಿಲ್ಲವಂತೆ. ಇದನ್ನು ಸ್ವಲ್ಪ ಹೊತ್ತಿನ ಮುಂಚೆ, ಎರಡನೇ ಹೋಳಿಗೆ ಉಣ್ಣುವಾಗ, ಬೀಗರಿಗೆ ಅವನೇ ಹೇಳಿಕೊಂಡಿದ್ದ.

ನಮ್ಮ ಮನೆಯ ಅಂಗಳಕ್ಕೆ ತಿರುಗಿ ಬಂದ ಮೇಲೆ ಸೋಮಣ್ಣ ರುಮಾಲು ಬಿಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡು ಕೂತ. "ನೋಡು ಉರುಕುಂದಪ್ಪ, ತಪ್ಪು ತಿಳಕೋಬ್ಯಾಡ. ಹುಡುಗಿ ಬಂಗಾರ. ಆದ್ರ ಸತ್ತೋನು ಅಂತ ಕಲ್ಲು ನಿಂತೈತಿ. ಕಲ್ಲಿಗಿ ಹಾಲು ಎರದೀರಿ, ಎಡಿ ಇಟ್ಟೀರಿ. ಸತ್ತೋನ ಕಲ್ಲಿಗಿ ಸತ್ತೋನೇ ಎಡಿ ಇಟ್ಟು, ಸತ್ತೋನೇ ಉಂಡಾನ. ಹದಿನೆಂಟು ವರ್ಷ! ಈಗ ಸತ್ತೋನ ಕೈಲಿ ಹೆಣ್ಣು ಧಾರಿ ಎರಸಿಕೊಂಡ್ರ ನಾಳೆ ನಮ್ಮ ಮಂದಿ ಏನಂತಾರ?"

ಅವ್ವ ಬಾಗಿಲಿನಿಂದ ಬಿರುಗಾಳಿಯಂತೆ ಬಂದಳು. ಬೀಗರ ಮುಂದೆ ಸೆರಗು ಬಿಟ್ಟು ಮಾತಾಡದವಳು ಅಂದು ಸೊಂಟಕ್ಕೆ ಸೆರಗು ಬಿಗಿದಿದ್ದಳು. "ನಾ ಏನು ಹೆಣದ ಕೂಡ ಸಂಸಾರ ಮಾಡೀನೇನ್ರಿ? ಸತ್ತೋನು ಹೊತ್ತಿಗಿ ಆರು ರೊಟ್ಟಿ ತಿಂತಾನೇನು? ಸತ್ತೋನು ಗೊರಕಿ ಹೊಡೀತಾನೇನು? ಬರ್ರಿ, ರಾತ್ರಿ ನಮ್ಮ ಮನಿಯಾಗ ಮಲಗಿ ಕೇಳ್ರಿ!"

ಎಲ್ಲರೂ ನಕ್ಕರು. ಸೋಮಣ್ಣನೂ ನಕ್ಕ. ಆದರೆ ತಾಂಬೂಲದ ತಟ್ಟೆಯನ್ನು ಮುಟ್ಟಲಿಲ್ಲ. ಬಾಗಿಲ ಸಂದಿನಲ್ಲಿ ಅಕ್ಕ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ನಾನು ಹತ್ತಿರ ಹೋಗಿ, ಅವಳನ್ನು ನಗಿಸೋಣವೆಂದು ಸಣ್ಣಗೆ "ಬ್ಯಾ" ಎಂದೆ. ಸೌಟು ಬೀಸಲಿಲ್ಲ. ಆಗ ನನಗೆ ಹೆದರಿಕೆಯಾಯಿತು.

ದಾರಿ ತೋರಿಸಿದವಳು ನಮ್ಮ ಸೋದರತ್ತೆ ಹುಲಿಗೆವ್ವ, ಅಪ್ಪನಿಗೆ ಅಕ್ಕ. ಬಾಯಲ್ಲಿ ಒಂದೂ ಹಲ್ಲಿರಲಿಲ್ಲ, ಆದರೆ ಅವಳ ಮಾತಿಗೆ ಊರಿನ ಎತ್ತುಗಳೂ ನಿಲ್ಲುತ್ತಿದ್ದವು.

"ಸತ್ತಿದ್ರ ಏನಾತು? ಹುಟ್ಟಿಸಿದ್ರಾತು!"

ಎಲ್ಲರೂ ಅವಳ ಕಡೆ ತಿರುಗಿದರು.

"ನನ್ನ ಗಂಡನ ಕಡ್ಯಾಕಿ ಒಬ್ಬಾಕಿ ನಾಗಲದಿನ್ನಿಯಾಕಿ. ಅಲ್ಲಿ ಒಬ್ಬೋನು ಹೊಳಿಯಾಗ ಹೋದ ಅಂತ ದಿನ ಮಾಡಿ ಊಟ ಹಾಕಿದ್ರು. ತಿಂಗಳ ಮ್ಯಾಲ ಈಚಲ ಚಾಪಿ ಮಾರಿಕೋತ ಬಂದ. ಏನು ಮಾಡಿದ್ರು? ಎರದು, ತೊಟ್ಟಲಕ ಹಾಕಿ, ಕಿವ್ಯಾಗ ಹೆಸರು ಹೇಳಿದ್ರು. ಮುಗೀತು. ಇವನ್ನೂ ಹಂಗ ಮಾಡೂಣು. ಒಂದು ಸಲ ಇವನ್ನ ಎತ್ತಿ ಆಡಿಸೀನಿ, ಇನ್ನೊಂದು ಸಲ ಆಡಸ್ತೀನಿ."

ಸೋಮಣ್ಣ ಭೀಮಪ್ಪನ ಮುಖ ನೋಡಿದ. ತನ್ನ ಇಂಗ್ಲಿಷಿನಿಂದ ಇಷ್ಟೆಲ್ಲ ಆಯಿತೆಂದು ಭೀಮಪ್ಪನೂ ಬೆವರುತ್ತಿದ್ದ. "ಪದ್ಧತಿ ಪ್ರಕಾರ ಸರಿ ಐತಿ" ಎಂದು ಬೇಗ ಬೇಗ ಹೇಳಿದ. "ನಮ್ಮ ಕಣ್ಣ ಮುಂದ ಆಗಲಿ" ಎಂದ ಸೋಮಣ್ಣ. ಬೀಗರು ಆ ರಾತ್ರಿ ಉಳಿದರು.

ಮಾರನೆಯ ಬೆಳಿಗ್ಗೆ ಶಾಲೆ ತಾನಾಗಿಯೇ ರಜೆಯಾಯಿತು. ಊರಿಗೆ ಊರೇ ಬೇವಿನ ಮರದ ಕೆಳಗೆ ಸೇರಿತ್ತು. ಅಪ್ಪನಿಗೆ ಔಡಲೆಣ್ಣೆ ತಿಕ್ಕಿ, ಅರಿಶಿನ ಬಳಿದು, ಬಿಸಿನೀರು ಎರೆದರು. ಬೆಳಗಿನಿಂದ ರೊಟ್ಟಿ ಇಲ್ಲ. ಹುಟ್ಟದ ಕೂಸಿಗೆ ರೊಟ್ಟಿ ಎಲ್ಲಿಯದು ಎಂದು ಅತ್ತೆಯ ಕಟ್ಟಪ್ಪಣೆ. ಅಷ್ಟರಲ್ಲಿ ಅವಳ ಕಣ್ಣು ಮೀಸೆಯ ಮೇಲೆ ಬಿತ್ತು.

"ಮೀಸಿ ಇಟಗೊಂಡು ಹುಟ್ಟಿದ ಕೂಸಿನ್ನ ಯಾರಾರ ನೋಡೀರೇನು? ಕರೀರಿ ಕೆಂಪಣ್ಣನ್ನ."

ಕೆಂಪಣ್ಣ ಕ್ಷೌರದವನು. ಪೆಟ್ಟಿಗೆ ಹಿಡಿದು ಆಗಲೇ ಮುಂದೆ ನಿಂತಿದ್ದ. ಅಪ್ಪ ಎದ್ದು ನಿಂತುಬಿಟ್ಟ, ಮೈತುಂಬ ಅರಿಶಿನ, ಸೊಂಟಕ್ಕೆ ಒಂದು ಪಂಜೆ.

"ಆಗಂಗಿಲ್ಲ. ತೊಟ್ಟಲಕ ಹಾಕ್ರಿ, ತೂಗ್ರಿ, ಜೋಗುಳ ಹಾಡ್ರಿ. ಮೀಸಿ ಮುಟ್ಟಿದ್ರ ನೋಡ್ರಿ ಮತ್ತ. ಬಸರಾದಾಗ ಗೋರಾ ಸಾಹೇಬನೇ ಈ ಮೀಸಿ ನೋಡಿ ಶಭಾಸ್ ಅಂದಾನ."

"ಹೇಸರಗತ್ತಿಗಿ ಅಂದಿದ್ದು ಅದು" ಎಂದ ಖಾಸಿಂ ಸಾಬ.

ಜನ ನಕ್ಕಿತು, ಅಪ್ಪ ಇನ್ನಷ್ಟು ಬಿಗಿದುಕೊಂಡ. ಸೋಮಣ್ಣ ಬಂಡಿಯ ಕಡೆ ನೋಡಿದ. ಆಗ ಅಕ್ಕ ಹಂಡೆಯ ಹಿಂದಿನಿಂದ ಬಂದಳು. ಕೈಯಲ್ಲಿ ನೀರಿನ ಚೆಂಬು.

"ಅಪ್ಪಾ, ಬ್ಯಾಡ ಬಿಡು" ಎಂದಳು. "ಮೀಸಿ ಇರಲಿ. ನಾ ಕುರಿ ಕಾಯ್ಕೋತ ಇಲ್ಲೇ ಇರ್ತೀನಿ."

ಅವಳು ಅದನ್ನು ನಿಜವಾಗಿ ಹೇಳಿದಳೋ, ಅಪ್ಪನನ್ನು ಬಲ್ಲವಳಾದ್ದರಿಂದ ಹೇಳಿದಳೋ, ಇವತ್ತಿಗೂ ನನಗೆ ತಿಳಿಯದು. ಕೇಳಿದರೆ ಮುದುಕಿಯಾದ ಮೇಲೂ ನಗುತ್ತಿದ್ದಳು. ಅಪ್ಪ ಅವಳನ್ನು ನೋಡಿದ. ಎಡಗೈಯಿಂದ ಒಂದು ಸಲ ಎಡಮೀಸೆ, ಬಲಗೈಯಿಂದ ಒಂದು ಸಲ ಬಲಮೀಸೆ ತಿರುವಿಕೊಂಡ. ಕೆಂಪಣ್ಣನ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

"ಕತ್ತಿ ಚೊಲೊ ಮಸಿ" ಎಂದಷ್ಟೇ ಹೇಳಿ ಕಣ್ಣು ಮುಚ್ಚಿದ.

ಫಿರಂಗಿ ಹಾರುವಾಗಲೂ ಕಣ್ಣು ಮುಚ್ಚಿರಲಿಲ್ಲ ಎಂದು ನಮಗೆ ಹೇಳುತ್ತಿದ್ದವನು. ಮೀಸೆ ಹೋದ ಮೇಲೆ ನೋಡಿದರೆ ಅಪ್ಪನ ಮೂಗಿನ ಕೆಳಗೆ ಅಂಗೈಯಗಲ ಬೆಳ್ಳಗಿನ ಜಾಗ, ಸುಲಿದ ಶೇಂಗಾ ಬೀಜದ ಹಾಗೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಗುವಿಗೋ ಅಳುವಿಗೋ, ಭುಜ ಕುಣಿಯುತ್ತಿತ್ತು.

ಈಗ ಇನ್ನೊಂದು ತೊಡಕು. ಕೂಸನ್ನು ಹಡೆಯುವವರು ಯಾರು? ಅಜ್ಜಿ ಸತ್ತು ಬಹಳ ಕಾಲವಾಗಿತ್ತು. ಅತ್ತೆ ಎರಡು ಕಲ್ಲುಗಳ ಕಡೆ ಕೈ ತೋರಿಸಿದಳು. "ಗಂಡ ಹೆಂಡ್ತಿ ಇಲ್ಲೇ ನಿಂತಾರ. ಕೊಂದೋರೂ ಇವರೇ, ಹಡೀಲಿ ಇವರೇ."

ಅಪ್ಪ ದಂಡಿನ ಕಲ್ಲಿಗೂ ಮೈಲಿಗಲ್ಲಿಗೂ ನಡುವಿನ ಸಂದಿನಲ್ಲಿ ಅಂಬೆಗಾಲಿಟ್ಟು ಬರಬೇಕು. ತಲೆ ಬಂತು, ಭುಜ ಅಡ್ಡವಾಗಿ ಬಂತು. ಹೊಟ್ಟೆ ಸಿಕ್ಕಿಕೊಂಡಿತು. ಹಿಂದಿನ ದಿನದ ಹೋಳಿಗೆ ಅದು, ಸುಮ್ಮನೆ ಬಿಡುತ್ತದೆಯೇ? ಖಾಸಿಂ ಸಾಬ ಎರಡೂ ಕೈ ಹಿಡಿದು ಕಲ್ಲಿಗೆ ಕಾಲು ಕೊಟ್ಟು ಎಳೆದ. "ದಮ್ ಹಿಡಿ ಭಾಯಿ! ಉಸುರು ಒಳಗ ತಗೋ!" ಹೆಂಗಸರು "ಇನ್ನೊಂಚೂರು, ಇನ್ನೊಂಚೂರು" ಎಂದು ಹೆರಿಗೆಯ ಮನೆಯಲ್ಲಿ ಕೂಗುವಂತೆ ಕೂಗಿದರು. ಮೈಗೆ ಹಚ್ಚಿದ ಎಣ್ಣೆಯ ಪುಣ್ಯ, ಅಪ್ಪ ಜಾರಿ ಹೊರಗೆ ಬಂದು ಖಾಸಿಂ ಸಾಬನ ಮೇಲೆ ಬಿದ್ದ.

"ಗಂಡು!" ಎಂದು ಯಾರೋ ಹಿಂದಿನಿಂದ ಕೂಗಿದರು.

ಹೊಸ ಕರಿಯ ಕಂಬಳಿಯ ನಾಲ್ಕು ಮೂಲೆಯನ್ನು ಎರಡು ಗಳಕ್ಕೆ ಕಟ್ಟಿ, ನಾಲ್ವರು ಗಟ್ಟಿಗರು ಹೊತ್ತರು. ಅದೇ ತೊಟ್ಟಿಲು. ಅಪ್ಪನನ್ನು ಹಾಕಿದಾಗ ಗಳಗಳು ಬಿಲ್ಲಿನಂತೆ ಬಗ್ಗಿದವು. ಕಾಲು ಒಂದು ಕಡೆ ಹೊರಗೆ, ತಲೆ ಇನ್ನೊಂದು ಕಡೆ ಹೊರಗೆ. ಹುಲಿಗೆವ್ವ ಹತ್ತಿಯ ಬತ್ತಿಯಿಂದ ಕುರಿಹಾಲು ಬಾಯಿಗೆ ಹಿಂಡಿದಳು. "ಚೆಂಬು ಕೊಡ್ರೇ, ಹಸದೀನಿ" ಎಂದಿತು ಕೂಸು. ಆಮೇಲೆ ಅವಳು ಬಗ್ಗಿ, ನಮ್ಮ ಕಡೆಯ ರೂಢಿಯಂತೆ ಅಪ್ಪನ ಕಿವಿಯಲ್ಲಿ "ಕುರ್ರ್" ಎಂದಳು. ಹೆಸರಿಡುವವಳು ಹಾಗೆ ಬಗ್ಗಿದಾಗ ಮಕ್ಕಳು ಅವಳ ಬೆನ್ನು ಗುದ್ದಬೇಕು, ನಿಮಗೂ ಗೊತ್ತು. ಊರಿನ ಅಷ್ಟೂ ಹುಡುಗರು, ಅವಳಿಂದ ಬೈಸಿಕೊಂಡವರೆಲ್ಲ, ಕಾದು ನಿಂತಿದ್ದೆವು.

"ಯಾವೋನಲೇ ಅದು, ಬೆನ್ನು ಮುರದ್ರಿ! ಉರುಕುಂದಪ್ಪ ಅಂತ ಇಟ್ಟೀನಿ ಹೋಗ್ರಲೇ, ಹೊಸಾ ಹೆಸರು ಎಲ್ಲಿಂದ ತರಲಿ!"

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಆ ದೇಹ ನಕ್ಕ ರಭಸಕ್ಕೆ ಕಂಬಳಿ ನಡುವೆ ಪರ್‍ರನೆ ಹರಿಯಿತು. ಕೂಸು ನೆಲಕ್ಕೆ ಬಿತ್ತು.

"ಯವ್ವಾ!" ಎಂದು ಅರಚಿದ ಅಪ್ಪ.

ಸೋಮಣ್ಣ ಎದ್ದು ನಿಂತು ಕೈ ಎತ್ತಿದ. "ಕೂಸು ಅತ್ತಿತು. ಎಲ್ಲಾರೂ ಕೇಳೀರಿ. ತರ್ರಿ ತಾಂಬೂಲ."

ಹಿಂದೆ ತಿರುಗಿ ನೋಡಿದರೆ ಅಕ್ಕ ಇರಲಿಲ್ಲ. ಒಲೆಯ ಹತ್ತಿರ ಓಡಿದ್ದಳು. ನಾನು ಹೋಗಿ "ಬ್ಯಾ" ಎಂದೆ. ಸೌಟು ನೇರ ನನ್ನ ಬೆನ್ನಿಗೆ ಬಿತ್ತು. ಅಷ್ಟು ಸಮಾಧಾನ ನನಗೆ ಮತ್ತೆ ಯಾವ ಪೆಟ್ಟಿನಿಂದಲೂ ಆಗಿಲ್ಲ.

ಮದುವೆ ಆ ಮಾಘದಲ್ಲೇ ಆಯಿತು. ಅಲ್ಲಿ ಭೀಮಪ್ಪ ಮತ್ತೆ ಲೆಕ್ಕ ತೆಗೆದ: ಇನ್ನೂ ತಿಂಗಳು ತುಂಬದ ಕೂಸು ಧಾರೆ ಎರೆಯುವುದು ಹೇಗೆ? ಮನೆಯಲ್ಲಿ ದೊಡ್ಡ ಗಂಡಸು ಯಾರು? ಹನ್ನೊಂದು ವರ್ಷದ ನಾನು. ತಲೆಗೆ ಅಪ್ಪನ ರುಮಾಲು ಸುತ್ತಿದರು, ಅದು ಮೂಗಿನವರೆಗೆ ಇಳಿಯುತ್ತಿತ್ತು. ಅಕ್ಕನ ಕೈಯನ್ನು ಟಗರು ಹೊತ್ತ ಭಾವನ ಕೈಯಲ್ಲಿಟ್ಟು ನೀರು ಬಿಟ್ಟವನು ನಾನು. ಅಪ್ಪ ಮಕ್ಕಳ ಪಂಕ್ತಿಯಲ್ಲಿ ಕೂತು ಎರಡು ಸಲ ಪಾಯಸ ಕೇಳಿದ.

ಅಕ್ಕನ ಬಂಡಿ ಗೋನೆಗಂಡ್ಲದ ಕಡೆ ಹೋದ ಮರುದಿನ ನಾನು ಪಾಟಿ ಚೀಲ ಹೆಗಲಿಗೆ ಹಾಕಿಕೊಂಡೆ. ಅಪ್ಪ ಹೊಸ್ತಿಲ ಮೇಲೆ ಕೂತಿದ್ದ. ಮೂಗಿನ ಕೆಳಗೆ ಇರುವೆ ಹತ್ತಿದಂತೆ ಸಣ್ಣ ಕೂದಲು ಬಂದಿತ್ತು.

"ಎಲ್ಲಿಗಿ ಯಜಮಾನ್ರು?"

"ಸಾಲಿಗಿ."

"ಯಜಮಾನ ಸಾಲಿಗಿ ಹೋದ್ರ ಕುರಿ ಯಾರು ಕಾಯ್ತಾರ? ಕೂಸು ಕಾಯ್ತೈತೇನು?"

ನಗುತ್ತಲೇ ಹೇಳಿದ. ನಾನೂ ನಕ್ಕೆ. ಹಟ್ಟಿಯಲ್ಲಿ ಕುರಿಗಳು ಅಕ್ಕನ ದನಿಗಾಗಿ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದವು. ಅಪ್ಪ ನನ್ನ ಮುಖ ನೋಡಲಿಲ್ಲ, ಕುರಿಗಳನ್ನು ನೋಡುತ್ತಿದ್ದ. ಚೀಲವನ್ನು ಗೂಟಕ್ಕೆ ಹಾಕಿ ಅಕ್ಕನ ಕೋಲು ತೆಗೆದುಕೊಂಡೆ. ಒಂದು ವಾರಕ್ಕೆಂದು ತೆಗೆದುಕೊಂಡದ್ದು. ಮೇಷ್ಟ್ರು ಎರಡು ಸಲ ಸೈಕಲ್ ನಿಲ್ಲಿಸಿ ಕೇಳಿದರು. ಎರಡನೆಯ ಸಲ ನಾನೇ, ಮನೆ ಯಜಮಾನ ನಾನು, ಬಿಡುವಿಲ್ಲ ಎಂದೆ. ಯಾರ ಮೇಲೂ ದೂರು ಹೇಳಿದವನಲ್ಲ ನಾನು, ಇಂದಿಗೂ ಹೇಳುವುದಿಲ್ಲ. ಆ ಕೋಲಿನಿಂದಲೇ ಮನೆ ಕಟ್ಟಿದೆ.

ಮೀಸೆ ಮತ್ತೆ ಬಂತು, ಆದರೆ ಎರಡು ಸುತ್ತು ಸುತ್ತಲಿಲ್ಲ, ಒಂದಕ್ಕೇ ನಿಂತಿತು. ಕಲ್ಲಿಗೆ ಎಡೆ ನಿಂತುಹೋಯಿತು. ಬಾಯಲ್ಲಿ ಅದನ್ನು ಬೈದರೂ ಅಪ್ಪ ಅದರ ಮುಂದೆ ಹಾಯುವಾಗ ಒಂದು ಸಲ ತಟ್ಟಿ ಹೋಗುತ್ತಿದ್ದ, ಹಳೆಯ ಎತ್ತನ್ನು ತಟ್ಟುವ ಹಾಗೆ. ಅವನು ನಿಜವಾಗಿ ಸತ್ತಾಗ ಊರಲ್ಲಿ ಅರ್ಧ ಮಂದಿ ಅಳುತ್ತ, ಅರ್ಧ ಮಂದಿ ಈ ಕಥೆ ಹೇಳಿ ನಗುತ್ತ ಮಣ್ಣು ಕೊಟ್ಟರು. ಅವನ ಹಿಂದೆ ಖಾಸಿಂ ಸಾಬ ಹೋದ, ಬಳ್ಳಾರಿಯವನೂ ಹೋದನಂತೆ. ಅತ್ತೆ, ಅವ್ವ, ಕೊನೆಗೆ ಅಕ್ಕ. ಹುಟ್ಟಿಸಿದ್ರಾತು ಎನ್ನುವವರು ಈಗ ಯಾರೂ ಇಲ್ಲ. ಬೇವಿನ ಮರವನ್ನು ರಸ್ತೆ ಅಗಲ ಮಾಡುವವರು ಕಡಿದರು, ಹೆಂಡತಿ ಮೈಲಿಗಲ್ಲನ್ನು ಕಿತ್ತು ಬೇರೆ ಕಡೆ ಹೊಸದನ್ನು ನೆಟ್ಟರು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎದ್ದಿತು, ದಂಡಿನ ಕಲ್ಲು ಕುತ್ತಿಗೆಯವರೆಗೆ ಹೂತುಹೋಯಿತು. ಈಗ ಮೇಲಿನ ಸಾಲು ಮಾತ್ರ ಕಾಣುತ್ತದೆ. ಮೂವರು ಹೋದರು ಎಂಬುದು ಇದೆ. ಒಬ್ಬ ಸತ್ತ ಎಂಬುದು ಮಣ್ಣಿನ ಕೆಳಗಿದೆ. ನಾನು ಅಲ್ಲಿ ಹಾಯುವಾಗ ಅದನ್ನು ಅಗೆಯುವ ಗೊಡವೆಗೆ ಹೋಗುವುದಿಲ್ಲ.

ಈಗ ನನಗಿರುವುದು ಒಂಬತ್ತು ಎಕರೆ ಕರಿನೆಲ, ಕಡಪಾ ಕಲ್ಲು ಹೊದಿಸಿದ ಮನೆ, ಒಂದು ಜೊತೆ ಎತ್ತು, ಎಂಬತ್ತು ಕುರಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ಮೂರೂವರೆ ಕ್ಲಾಸಿನ ಓದು, ಮತ್ತು ನಡುವೆ ಹೊಲಿಗೆ ಹಾಕಿದ ಒಂದು ಕರಿಯ ಕಂಬಳಿ.